ಮುನಿಗಳ ಹಿಂದ ಬಾರಿಸಿದ ಗಂಟಿ

ನನ್ನ ಕೈ ಮೊದಲಿಂದಽ ಬಾಯಿಗಿಂತ ಮುಂದ. "ಸಿಟ್ಟಿನ ಕೈಯಾಗ ಬುದ್ಧಿ ಕೊಡಬ್ಯಾಡವಾ" ಅಂತ ನಮ್ಮತ್ತಿ ಹೇಳಿ ಹೇಳಿ ಸಾಕಾಗಿದ್ಲು. ಕೇಳಿದವರ್ಯಾರು?

ಆ ಬ್ಯಾಸಿಗ್ಯಾಗ ದಿಗಂಬರ ಮುನಿಗಳು ನಮ್ಮೂರು ಶೇಡಬಾಳಕ್ಕ ಬಂದಿದ್ರು. ದಿನಕ್ಕ ಒಮ್ಮೆ, ನಿಂತು, ಬೊಗಸ್ಯಾಗ ಉಣ್ಣವರು. ಯಾರ ಬಾಗಲ ಮುಂದ ನಿಲ್ತಾರೋ ಅವರ ಪುಣ್ಯ. ಮೊಣಕಾಲ ಸೋತ ನಮ್ಮತ್ತಿ ನಾಕ ದಿನದಿಂದ ಮಡಿ ಉಟ್ಟು, ಕಲಶ ಹಿಡದು ಬಾಗಲದಾಗ ನಿಂತಿದ್ಲು. "ಸಾಯೂದ್ರಾಗ ಒಮ್ಮೆ ನನ್ನ ಕೈಲೆ ಉಣಸಬೇಕು" ಅನ್ನೂದೊಂದಽ ಧ್ಯಾಸ. ನಾಕನೇ ದಿನಽ ಕಡೇದು, ಮರುದಿನ ಮುನಿಗಳು ಮುಂದಿನ ಊರಿಗಿ ನಡಿಯವರಿದ್ರು.

ಅವತ್ತ ನಮ್ಮ ಓಣಿಗಿ ತಿರಗಿದ್ರು. ಅತ್ತಿ "ನಮೋಸ್ತು, ನಮೋಸ್ತು" ಅಂತ ಕರದ್ಲು. ಹತ್ತ ಹೆಜ್ಜಿ ಉಳದಿತ್ತು, ಅಷ್ಟಽ. ಹಿಂದಿಂದ ಟ್ರಿಣ್ ಟ್ರಿಣ್! ಹಾಲಿನವ, ಎರಡೂ ಕಡೆ ಕ್ಯಾನ್ ಕಟಗೊಂಡು ಸೈಕಲ್ ಮ್ಯಾಲ. ಮುನಿಗಳು ಕಂಡ್ರ ಇಳದು, ಗಂಟಿ ಅಂಗೈಯಾಗ ಮುಚ್ಚಿ ಬಾಜೂಕ ನಿಲ್ಲಬೇಕು, ನಮ್ಮೂರ ಕೂಸಿಗೂ ಗೊತ್ತೈತಿ. ಇವ ಬಾರಿಸಿದ್ದಽ ಬಾರಿಸಿದ್ದು.

ಮೈಯೆಲ್ಲಾ ಉರದೆದ್ದಿತು. ಓಡಿ ಹೋಗಿ ಹ್ಯಾಂಡಲ್ ಹಿಡದು ಜಗ್ಗಿ ಕೆಡವಿದೆ. ಹಾಲು ಓಣಿ ತುಂಬ ಹರೀತು. "ಕಣ್ಣ ಹೋಗ್ಯಾವೇನ್ಲೇ ಬಾಡ್ಯಾ!" ಅಂತ ಬಿದ್ದವನ ಬಾಯಿ ಮ್ಯಾಲ ಹೊಡದೆ. ಒಮ್ಮೆ ಅಲ್ಲ, ಮೂರ ಸಲ. ನನ್ನ ಕೈಯಾಗಿನ ಗಾಜಿನ ಬಳಿ ಒಡದು ಅವನ ತುಟಿ ಸೀಳಿತು.

"ನೀವಽ ಮನ್ನಿ ಬೈದಿದ್ರಲ್ರೀ ಅಕ್ಕಾರ," ಅಂದ, ರಕ್ತ ಉಗುಳಿ. "ಗಂಟಿ ಬಾರಸದ ಓಣ್ಯಾಗ ಬಂದ್ರ ಕಾಲ ಮುರೀತೀನಿ ಅಂತ. ತಿರುವಿನ್ಯಾಗ ಮುನಿ ಮಹಾರಾಜರು ಕಾಣಲಿಲ್ರಿ. ಕಂಡಮ್ಯಾಲ ಬ್ರೇಕ್ ಹತ್ತಲಿಲ್ರಿ."

ಹೌದು, ಬೈದಿದ್ದೆ.

ಹೊಳ್ಳಿ ನೋಡಿದೆ. ಮುನಿಗಳು ನಿಂತಬಿಟ್ಟಿದ್ರು. ಊಟಕ್ಕ ಹೊಂಟಾಗ ರಕ್ತ ಕಂಡ್ರ ಅವತ್ತ ಅನ್ನ, ನೀರು ಎರಡೂ ಬಿಡೂದು ಅವರ ನೇಮ. ಬಸದಿ ಕಡೆ ತಿರಗಿದ್ರು. ಆ ರಣಬಿಸಲಾಗ, ಮರುದಿನದ ತನಕ ಹನಿ ನೀರಿಲ್ಲದ.

ಅತ್ತಿ ನನ್ನ ಬೈಲಿಲ್ಲ. ಕಲಶ ಇಳಿಸಿ, ಮಡಿಸೀರಿ ಸೆರಗಲೆ ಹಾಲಿನವನ ತುಟಿ ಒರಿಸಿದ್ಲು. "ಬಾರಪಾ, ಅಡಗಿ ಆಗೇತಿ, ಉಣ್ಣು" ಅಂದ್ಲು.

"ಮಹಾರಾಜರು ಉಪವಾಸ ಹೋಗ್ಯಾರ್ರಿ ಅವ್ವಾರ. ನನಗ ಹ್ಯಾಂಗ ಇಳೀತೈತ್ರಿ?" ಅಂದು, ಖಾಲಿ ಕ್ಯಾನ್ ಎತಗೊಂಡು ಹೋದ.

ನಾ ಅತ್ತಿ ಕಾಲ ಹಿಡಕೊಂಡು ಅತ್ತೆ. "ಏಳ, ಇನ್ನೊಮ್ಮೆ ಬಂದಾರು" ಅಂದ್ಲು. ಮಳಿಗಾಲ ಮುಗಿಯೂದ್ರಾಗ ಅತ್ತಿ ಹೋದ್ಲು. ಅಲ್ಲೀತನಕ ಯಾವ ಮುನಿಗಳೂ ನಮ್ಮೂರ ಕಡೆ ಬರಲಿಲ್ಲ.