ಕುಂಬಳಕಾಯಿ ಸಾಲದು ಅಂದವನು ನಾನು

ಇಂಜಿನಿಯರ್ ಕೆಲಸ ಬಿಟ್ಟು ಮಾನವ ಹಕ್ಕುಗಳ ಹಿಂದೆ ಯಾಕೆ ಬಿದ್ದಿರಿ ಎಂದು ಕೇಳುವವರಿಗೆ ಸಂವಿಧಾನ, ವೈಚಾರಿಕತೆ ಎಂದೆಲ್ಲ ದೊಡ್ಡ ಮಾತು ಹೇಳಿ ಸಾಗಹಾಕುತ್ತೇನೆ. ನಿಜವಾದ ಕಾರಣ ಹೇಳಲು ಈಗಲೂ ನಾಚಿಕೆ.

ಜಯನಗರ ಆಗಿನ್ನೂ ಏಳುತ್ತಿತ್ತು. ಅದರಾಚೆ, ಜರಗನಹಳ್ಳಿ ಕಡೆಯ ರಾಗಿಹೊಲಗಳ ಅಂಚಿನಲ್ಲಿ ನೀರಿನ ಟ್ಯಾಂಕು ಕಟ್ಟಿಸುವ ಕೆಲಸ ನನ್ನದು. ಪಾಯದ ಗುಂಡಿ ಎರಡು ಸಲ ಕುಸಿಯಿತು. ಅಲ್ಲಿದ್ದದ್ದು ಹಳೇ ನೀರಿನ ಕುಂಟೆ ಮುಚ್ಚಿದ ಸಡಿಲ ಮಣ್ಣು, ಅಷ್ಟೇ. ಮೇಸ್ತ್ರಿ ಮಾತ್ರ ಎರಡು ಸಲವೂ ಬೂದುಗುಂಬಳ ಒಡೆದು ಕುಂಕುಮ ಸುರಿದ. ಮೂರನೇ ಸಲ ಕಾಯಿ ತಂದಾಗ, ಓದಿದವನೆಂಬ ಜಂಬ ನೋಡಿ, ಸುತ್ತ ನಿಂತಿದ್ದ ಹಳ್ಳಿಯವರಿಗೂ ಕೇಳುವಂತೆ ಹೇಳಿದೆ: "ಕುಂಬಳಕಾಯಿ ಸಾಲಲ್ಲ ಕಣಯ್ಯ, ಈ ಸಲ ಒಂದು ಮಗೂನೇ ಬಲಿ ಕೊಟ್ಬಿಡೋಣ." ನಾನೊಬ್ಬನೇ ನಕ್ಕೆ.

ಮಾರನೆಯ ದಿನ ಹಳ್ಳಿಯ ಬೀದಿಯಲ್ಲಿ ಒಂದು ಮಗುವೂ ಕಾಣಲಿಲ್ಲ. ಯಾಕೆಂದು ನನಗೆ ಹೊಳೆಯಲೂ ಇಲ್ಲ.

ಮೂರನೆಯ ದಿನ ಮಧ್ಯಾಹ್ನ ಮೇಸ್ತ್ರಿ ಓಡಿಬಂದ. "ಸಾಮಿ, ಗೋಣಿಚೀಲ ಹೊತ್ಕೊಂಡು ಚಿಂದಿ ಆಯೋನೊಬ್ಬನ್ನ ಹಿಡ್ಕೊಂಡವ್ರೆ. ಟ್ಯಾಂಕಿಗೆ ಮಕ್ಕಳ್ನ ಹಿಡಿಯೋಕೆ ನೀವೇ ಕಳ್ಸಿದ್ದೀರಂತೆ. ಸಾಯಿಸಿಬಿಡ್ತಾರೆ. ನೀವು ಮೊದ್ಲು ಇಲ್ಲಿಂದ ಹೊರಡಿ."

ಹೊರಟುಬಿಡೋಣವೆಂದೇ ಸೈಕಲ್ ಹಿಡಿದೆ, ಸುಳ್ಳೇಕೆ ಹೇಳಲಿ? ಬೀಗವನ್ನೂ ತೆಗೆದೆ. ಅಷ್ಟರಲ್ಲಿ ಆ ಮನುಷ್ಯನ ಕೂಗು ಕೇಳಿಸಿತು. ಮೇಸ್ತ್ರಿ ಬೇಡ ಬೇಡ ಎನ್ನುತ್ತಿದ್ದಂತೆ ಆ ಕಡೆಗೇ ನಡೆದೆ.

ಅವನನ್ನು ಹುಣಸೆಮರಕ್ಕೆ ಕಟ್ಟಿದ್ದರು. ಹಣೆಯಿಂದ ರಕ್ತ ಇಳಿಯುತ್ತಿತ್ತು. ಸುತ್ತ ದೊಣ್ಣೆ ಹಿಡಿದ ಗಂಡಸರು.

"ಅವನನ್ನ ನಾನು ಕಳಿಸಿಲ್ಲ. ಬಲಿ ಅಂದಿದ್ದು ನಾನು, ತಮಾಷೆಗೆ ಅಂದೆ. ತಪ್ಪಾಯ್ತು. ಹೊಡೆಯೋದಾದ್ರೆ ನನ್ನ ಹೊಡೀರಿ," ಎಂದೆ. ಯಾರಾದರೂ ಒಪ್ಪಿಬಿಟ್ಟಾರೆಂದು ಒಂದು ಹೆಜ್ಜೆ ಹಿಂದೆಯೂ ಸರಿದೆ.

ಒಬ್ಬ ಮುದುಕಿ ಮುಂದೆ ಬಂದು, "ಮಕ್ಕಳ ವಿಸ್ಯದಲ್ಲಿ ತಮಾಸೆನಾ?" ಎಂದು ನನ್ನ ಮುಖಕ್ಕೆ ಉಗಿದಳು. ಒಂದೊಂದಾಗಿ ದೊಣ್ಣೆಗಳು ಕೆಳಗಿಳಿದವು.

ಹಗ್ಗ ಬಿಚ್ಚಲು ನಾನೇ ಹೋದೆ. ನನ್ನ ಕೈ ತಾಕಿದ್ದೇ ಅವನು ಕಿಟಾರನೆ ಕಿರುಚಿದ. ಗಂಟು ಸಡಿಲವಾದ ಕೂಡಲೇ ಕಿತ್ತುಕೊಂಡು ಓಡಿದ. ಓಡಿದ್ದು ಹೊಲದ ಕಡೆಗಲ್ಲ, ತನಗೆ ಹೊಡೆದವರ ಕಡೆಗೆ. ಅವರ ಬೆನ್ನ ಹಿಂದೆ ಅವಿತುಕೊಂಡು ಕೈ ಮುಗಿದ.

"ಅಣ್ಣಾ, ನೀವೇ ಹೊಡೀರಿ. ಆ ಇಂಜಿನಿಯರ್ ಕೈಗೆ ಮಾತ್ರ ಕೊಡ್ಬೇಡಿ."