ಚಿಕ್ಕಪ್ಪನ ಬಲಗಾಲು

ಮೊನ್ನೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ಗಾಡಿಗೆ ಕಾಯುತ್ತಿದ್ದಾಗ ಕೈ ಮುರಿದುಕೊಂಡ ಹೆಂಗಸೊಬ್ಬಳು ಪಕ್ಕದಲ್ಲಿ ಬಂದು ಕೂತಳು. ಮೊಟ್ಟೆಯ ಬಿಳಿ, ಅರೆದ ಸೊಪ್ಪು, ಹಳೇ ಪಂಚೆಯ ಬಟ್ಟೆ, ಮೂರೂ ಒಟ್ಟಿಗೆ ಒಣಗಿದಾಗ ಬರುವ ನಾಟಿ ಕಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಎದ್ದು ಪ್ಲಾಟ್‌ಫಾರ್ಮಿನ ಆ ತುದಿಗೆ ಹೋಗಿ ನಿಂತೆ. ಪಾಪ, ಆಕೆ ಏನಂದುಕೊಂಡಳೋ. ಒಂದಿಡೀ ಬೇಸಿಗೆ ಆ ವಾಸನೆ ನಮ್ಮ ಮನೆಯಲ್ಲಿ ಠಿಕಾಣಿ ಹೂಡಿತ್ತು, ನಮ್ಮ ಮನೆ ಕೆಟ್ಟದ್ದೂ ಆ ಬೇಸಿಗೆಯಲ್ಲೇ ಎಂದು ಆಕೆಗೆ ಹೇಗೆ ಗೊತ್ತಾಗಬೇಕು.

ನಂದಿದುರ್ಗ ಚಿನ್ನದ ಗಣಿಯ ಹಳೇ ಲೈನಿನಲ್ಲಿ, ಕಾರ್ಮಿಕರ ಸಾಲುಮನೆಗಳ ನಡುವೆ, ನಮ್ಮದು ಎರಡು ಕೋಣೆಯ ಮನೆ. ತಗಡಿನ ಸೂರು, ಬೆಳಗಾದರೆ ಸೀಮೆಎಣ್ಣೆ ಸ್ಟೌವಿನ ಭುಸುಭುಸು, ಗೋಡೆಯಾಚೆ ಪಕ್ಕದ ಮನೆಯವರ ತಮಿಳಿನ ಜಗಳ. ಅಪ್ಪ ಕ್ಯಾಸಂಬಳ್ಳಿ ಕಡೆಯವನು, ಫ್ಯಾಕ್ಟರಿಯಲ್ಲಿ ವೆಲ್ಡರ್. ಅಜ್ಜ ಅಜ್ಜಿ ಬೇಗ ತೀರಿಕೊಂಡಿದ್ದರಿಂದ, ತನಗಿಂತ ಹದಿನಾಲ್ಕು ವರ್ಷ ಚಿಕ್ಕವನಾದ ತಮ್ಮ ಮುನಿರಾಜುವನ್ನು ಕರೆತಂದು ಸಾಕಿದ್ದ. ಸಾಕಿದ್ದ ಎನ್ನುವುದಕ್ಕಿಂತ ಒದ್ದು ಬೆಳೆಸಿದ್ದ ಎನ್ನುವುದೇ ಸರಿ. ಅಪ್ಪ ಫ್ಯಾಕ್ಟರಿ ತಂಡದಲ್ಲಿ ಫುಟ್‌ಬಾಲ್ ಆಡಿ, ಅಲ್ಲಿಂದ ಮುಂದಕ್ಕೆ ಎಲ್ಲೂ ಹೋಗದೆ ಉಳಿದವನು. ದಿನಾ ಬೆಳಿಗ್ಗೆ ಗಣಿಯ ತ್ಯಾಜ್ಯ ಮಣ್ಣಿನ ಸೈನೈಡ್ ದಿಬ್ಬದ ಪಕ್ಕದ ಬಯಲಿನಲ್ಲಿ ಚೆಂಡನ್ನು ನಡುವೆ ಇಟ್ಟು, ಆ ಕಡೆಯಿಂದ ತಾನು, ಈ ಕಡೆಯಿಂದ ತಮ್ಮ, ಇಬ್ಬರೂ ಒಟ್ಟಿಗೆ ಓಡಿ ಬಂದು ಒದೆಯಬೇಕು. ಅಪ್ಪನ ಕಾಲಲ್ಲಿ ಫ್ಯಾಕ್ಟರಿ ಬೂಟು, ಚಿಕ್ಕಪ್ಪನದು ಬರಿಗಾಲು. ಹೆದರಿ ಕಾಲೆತ್ತಿದರೆ ಬೆನ್ನಿಗೆ ಬೆಲ್ಟಿನ ಏಟು. “ಪೂರ್ತಿ ನುಗ್ದೋನ್ಗೆ ಏನೂ ಆಗಲ್ಲ. ಕಾಲೆತ್ಕಂಡೋನೇ ಕಾಲ್ ಮುರ್ಕಳೋದು, ತಿಳ್ಕೋ ಕಣ್ಲಾ,” ಎನ್ನುತ್ತಿದ್ದ. ಅಮ್ಮ ಮೈದುನನ ಮೊಣಕಾಲಿಗೆ ಅರಿಶಿನ ಹಚ್ಚುತ್ತಾ ಗಂಡನ ವಂಶವನ್ನೆಲ್ಲ ಜಾಲಾಡುತ್ತಿದ್ದಳು. ಆ ವಂಶದಲ್ಲಿ ನಾನೂ ಇದ್ದೇನೆ ಎನ್ನುವುದು ಅವಳಿಗೆ ಆಗ ನೆನಪಾಗುತ್ತಿರಲಿಲ್ಲ.

ಹಾಗೆ ಒದೆಸಿಕೊಂಡೇ ಚಿಕ್ಕಪ್ಪ ಗೋವಾದ ಕ್ಲಬ್ಬೊಂದಕ್ಕೆ ಸೇರಿದ. ಮೂರು ವರ್ಷ ಸಂಬಳಕ್ಕೆ ಆಡಿದ. ಮಿಡ್‌ಫೀಲ್ಡ್ ಎಂದರೆ ಗೋಲು ಹೊಡೆಯುವ ಕೆಲಸವಲ್ಲ. ಎದುರಾಳಿಯ ಕಾಲಿನಿಂದ ಚೆಂಡು ಕಿತ್ತು ನಮ್ಮವರಿಗೆ ಕೊಡಬೇಕು, ಹೆಸರು ಅವರಿಗೆ, ಏಟು ಇವನಿಗೆ. ಒಮ್ಮೆ ಆಂಡರ್ಸನ್‌ಪೇಟೆಯ ಅಂಗಡಿಯೊಂದರ ಟೀವಿಯಲ್ಲಿ ಅವನ ಆಟ ಬಂತು. ಯಾರದೋ ಮೊಣಕೈ ಬಡಿದು ಮೂಗಿನಿಂದ ರಕ್ತ ಸುರಿಯಿತು. ಅವನು ಹತ್ತಿ ತುರುಕಿಕೊಂಡು ಮತ್ತೆ ಒಳಗೆ ಹೋದ, ಎರಡೇ ನಿಮಿಷದಲ್ಲಿ ಆ ಮೊಣಕೈಯವನನ್ನು ಕೆಡವಿ ಚೆಂಡು ಕಿತ್ತ. ಅಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಅಪ್ಪ ಎದ್ದು ನಿಂತು, ಇಡೀ ಅಂಗಡಿ ತಿರುಗಿ ನೋಡುವಷ್ಟು ಜೋರಾಗಿ ಚಪ್ಪಾಳೆ ತಟ್ಟಿದ. ಅಪ್ಪನನ್ನು ಅಷ್ಟು ಖುಷಿಯಾಗಿ ನಾನು ಮತ್ತೆ ಕಾಣಲಿಲ್ಲ.

ಆ ಯುಗಾದಿಗೆ ಚಿಕ್ಕಪ್ಪ ಊರಿಗೆ ಬಂದಾಗ ಕಲ್ಕತ್ತೆಯ ದೊಡ್ಡ ಕ್ಲಬ್ಬಿನಿಂದ ಕರೆ ಬಂದಿತ್ತು. ಮಳೆಗಾಲ ಶುರುವಾಗುವಾಗ ಹೋಗಿ ಸಹಿ ಹಾಕುವುದಷ್ಟೇ ಬಾಕಿ. ಅಲ್ಲಿಯವರೆಗೆ ಬೇರೆಲ್ಲೂ ಆಡಕೂಡದು ಎಂದು ಅವರು ಷರತ್ತು ಹಾಕಿದ್ದರು. ಆದರೆ ನಮ್ಮ ಲೈನಿನಲ್ಲಿ ಹಬ್ಬದ ಮಾರನೇ ದಿನ, ವರ್ಷದ ತೊಡಕಿಗೆ, ಮದುವೆಯಾದವರಿಗೂ ಆಗದವರಿಗೂ ಪಂದ್ಯ. ಸೋತವರು ಗೆದ್ದವರ ಎಲೆಗೆ ಬಾಡೂಟ ಬಡಿಸಬೇಕು. ಆ ಲೈನಿನಲ್ಲಿ ಬೆಳೆದ ಗಂಡಸು ಅದನ್ನು ತಪ್ಪಿಸಿಕೊಂಡರೆ ವರ್ಷವಿಡೀ ತಲೆಯೆತ್ತುವಂತಿರಲಿಲ್ಲ. ಅಮ್ಮ ಬೇಡವೆಂದು ಕೈ ಹಿಡಿದು ಬೇಡಿದಳು. ಒಂದು ಸುತ್ತು ಆಡಿ ಬಂದುಬಿಡುತ್ತೇನೆ ಅಂದ ಚಿಕ್ಕಪ್ಪ. ತಡೆಯಬೇಕಾದ ಅಪ್ಪ ಮೂಲೆಯಲ್ಲಿ ಕೂತು ಬೂಟಿನ ದಾರ ಬಿಗಿಯುತ್ತಿದ್ದ. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಹತ್ತು ವರ್ಷದವಳು ನಾನು, ಗೋಲುಗಂಬದ ಹಿಂದೆ ನಿಂತಿದ್ದೆ. ಆಗಲೇ ಒಬ್ಬನ ತುಟಿ ಸೀಳಿತ್ತು, ಇಬ್ಬರು ಕೈ ಕೈ ಮಿಲಾಯಿಸಿದ್ದರು. ಚೆಂಡು ಪುಟಿದು ಬಯಲಿನ ನಡುವೆ ಬಿತ್ತು. ಆ ಕಡೆಯಿಂದ ಅಪ್ಪ, ಈ ಕಡೆಯಿಂದ ಚಿಕ್ಕಪ್ಪ. ಅಪ್ಪ ಪೂರ್ತಿ ನುಗ್ಗಿ ಬಂದ. ಚಿಕ್ಕಪ್ಪ ಕೊನೇ ಗಳಿಗೆಯಲ್ಲಿ ಚೆಂಡು ಬಿಟ್ಟು ಅಪ್ಪನ ಮುಖ ನೋಡಿದ. ಏದುಸಿರು ಬಿಡುತ್ತಿದ್ದ, ಗಡ್ಡ ನರೆತ ಮುಖ. ನೋಡಿದವನೇ ಕಾಲನ್ನು ಒಂದಿಷ್ಟು ಮೇಲಕ್ಕೆತ್ತಿಬಿಟ್ಟ. ಒಣ ಸೌದೆ ಮುರಿದಂತೆ ಸದ್ದಾಯಿತು. ಮೊಣಕಾಲಿನ ಕೆಳಗೆ ಕಾಲು ಬಾಗಬಾರದ ಕಡೆ ಬಾಗಿತ್ತು. ಮದುವೆಯಾಗದ ಹುಡುಗರು ಅಪ್ಪನ ಮೇಲೆ ಬಿದ್ದು ಗುದ್ದಿದರು, ಒದ್ದರು, ಕಿವಿ ಹರಿದು ರಕ್ತ ಬಂತು. ಅಪ್ಪ ಕೈಯೆತ್ತಲಿಲ್ಲ. ಒದೆ ತಿನ್ನುತ್ತಲೇ ತಮ್ಮನ ಕಡೆಗೆ ತೆವಳಿದ.

ಆಸ್ಪತ್ರೆಗೆ ಹೋದರೆ ಸುದ್ದಿ ಕಲ್ಕತ್ತೆಯವರ ಕಿವಿಗೆ ಬೀಳುತ್ತದೆಂದು ಎಲ್ಲರೂ ಸೇರಿ ತೀರ್ಮಾನಿಸಿ, ಬಂಗಾರಪೇಟೆ ಹತ್ತಿರದ ನಾಟಿ ವೈದ್ಯನಲ್ಲಿ ಕಟ್ಟು ಹಾಕಿಸಿದರು. ಕ್ಲಬ್ಬಿನವರು ಫೋನು ಮಾಡಿದರೆ ಕಾಮಾಲೆ ಎಂದು ಸುಳ್ಳು. ಅಣ್ಣನೇ ಹೊಟ್ಟೆಕಿಚ್ಚಿನಿಂದ ಮುರಿದ ಎಂದು ಲೈನೆಲ್ಲ ಆಡಿಕೊಂಡಿತು. ಅದು ಕಿವಿಗೆ ಬಿದ್ದ ದಿನ ಅಪ್ಪ ಹಿತ್ತಲಿನ ರುಬ್ಬುಗುಂಡನ್ನೆತ್ತಿ ತನ್ನ ಬಲಗಾಲಿನ ಮೇಲೆ ಹಾಕಿಕೊಂಡ. ಎರಡು ಬೆರಳು ಜಜ್ಜಿ ಹೋದವು. ನಾನು ಚಿಕ್ಕಪ್ಪನ ಹಾಸಿಗೆಯ ಬಳಿ ಹೋಗಿ, ಕಾಲೆತ್ತಿದವನು ನೀನು, ನಾನು ನೋಡಿದ್ದೇನೆ, ಅಪ್ಪನಿಗೆ ಹೇಳುತ್ತೇನೆ ಅಂದೆ. ಅವನು ನನ್ನ ಮುಂಗೈಯನ್ನು ಕಪ್ಪಾಗುವಷ್ಟು ಬಿಗಿಯಾಗಿ ಹಿಡಿದ.

“ಯೇಳ್ಬ್ಯಾಡ. ನಾನು ಕಾಲೆತ್ದೆ ಅಂತ ಗೊತ್ತಾದ್ರೆ ಅಣ್ಣನ ಕಣ್ಗೆ ನಾನು ಆಟಗಾರನೇ ಅಲ್ಲ. ಕಾಲಂತೂ ಓಯ್ತು, ಆ ಯೆಸ್ರಾದ್ರೂ ಉಳೀಲಿ.”

ಕಟ್ಟು ಬಿಚ್ಚಿದಾಗ ಕಾಲು ಒಂದಿಂಚು ಗಿಡ್ಡವಾಗಿತ್ತು. ಕಲ್ಕತ್ತೆ ಕ್ಲಬ್ಬಿನ ಡಾಕ್ಟರು ಅವನು ನಾಲ್ಕು ಹೆಜ್ಜೆ ನಡೆದದ್ದನ್ನು ನೋಡಿಯೇ ವಾಪಸು ಕಳಿಸಿದರಂತೆ. ಮದುವೆ ಬೇಡವೆಂದು ಆಂಡರ್ಸನ್‌ಪೇಟೆಯಲ್ಲಿ ಆಟೋ ಓಡಿಸುತ್ತಾ ಉಳಿದ. ಅಣ್ಣತಮ್ಮಂದಿರು ಒಂದೇ ಮನೆಯಲ್ಲಿ ಉಂಡರು, ಮಾತು ಮಾತ್ರ ಅಮ್ಮನ ಮೂಲಕ. ಅಮ್ಮ ತೀರಿಹೋದ ಮೇಲೆ ಅದೂ ನಿಂತಿತು. ಈಗ ಆ ಲೈನಿಗೆ ತಗಡೂ ಇಲ್ಲ, ಬಾಗಿಲೂ ಇಲ್ಲ. ನಮ್ಮ ಅಡುಗೆ ಕೋಣೆಯಲ್ಲಿ ಎಕ್ಕದ ಗಿಡ ಬೆಳೆದಿದೆ.

ಹೋದ ವರ್ಷ ಆಂಡರ್ಸನ್‌ಪೇಟೆಯ ಬಾಡಿಗೆ ಮನೆಯಲ್ಲಿ ಅಪ್ಪ ಹಾಸಿಗೆ ಹಿಡಿದ. ಕೊನೆಯ ದಿನಗಳಲ್ಲೊಮ್ಮೆ ನನ್ನನ್ನು ಹತ್ತಿರ ಕರೆದು, “ಮುನಿ ಕಾಲು ನಾನೇ ಮುರ್ದೆ ಕಣಮ್ಮ. ಬೇಕಂತ ಮುರ್ದ್ನಾ ಇಲ್ವಾ, ನಂಗೇ ಗೊತ್ತಿಲ್ಲ,” ಅಂದ. ನಾನು ತಲೆಯೆತ್ತಿ ನೋಡಿದೆ. ಬಾಗಿಲಲ್ಲಿ ಚಿಕ್ಕಪ್ಪ ನಿಂತಿದ್ದ. ಅವನು ಬೇಡವೆಂದೂ ಅನ್ನಲಿಲ್ಲ, ಹೇಳು ಎಂದೂ ಅನ್ನಲಿಲ್ಲ. ಎರಡು ಮಕ್ಕಳ ತಾಯಿಯಾದ ನಾನು, ಮುಂಗೈ ಇನ್ನೂ ಅವನ ಹಿಡಿತದಲ್ಲಿದೆಯೇನೋ ಎಂಬಂತೆ, ಅಪ್ಪನ ಬಾಯಿಗೆ ಎರಡು ಚಮಚ ಗಂಜಿ ಹಾಕಿ ಸುಮ್ಮನಾದೆ. ಎಂಥ ಹೇಡಿ ನಾನು.

ಮೂರನೇ ದಿನ ಅಪ್ಪ ಹೋದ. ಎಲ್ಲ ಮುಗಿಸಿ ಚಿಕ್ಕಪ್ಪ ನನ್ನನ್ನು ಆಟೋದಲ್ಲಿ ಕರೆತರುತ್ತಿದ್ದ. ದಾರಿಯಲ್ಲಿ ಗಾಡಿ ನಿಲ್ಲಿಸಿ, ಹಿಂದಕ್ಕೆ ತಿರುಗದೆಯೇ, “ಇನ್ಮೇಲೆ ಯೇಳ್ಬೌದು ನೀನು. ನಾನೇನೂ ಅನ್ನಲ್ಲ,” ಅಂದ. ಅದನ್ನು ಕೇಳಬೇಕಿದ್ದ ಒಬ್ಬನೇ ಮನುಷ್ಯನನ್ನು ನಾವು ಆಗ ತಾನೇ ಮಣ್ಣು ಮಾಡಿ ಬಂದಿದ್ದೆವು.