ಹನ್ನೆರಡನೇ ಫೋಟೋ

ಫೋಟೋ ತೆಗೆಯುವ ಮೊದಲು ನಾನು ಜನರನ್ನು ಮಾತಿಗೆಳೆಯುತ್ತೇನೆ. ಕೊಯ್ಲು ಮುಗೀತಾ, ಸೊಸೆ ಯಾವೂರಿನವಳು ಎಂದು ಕೇಳುತ್ತಿದ್ದರೆ ಬಿಗಿದ ಭುಜ ತಾನಾಗಿ ಇಳಿಯುತ್ತದೆ. ಆಗ ಗುಂಡಿ ಒತ್ತಬೇಕು. ಇದನ್ನು ಕಲಿಸಿದ್ದು ಸಾಗರದಲ್ಲಿ ಸ್ಟುಡಿಯೋ ಇಟ್ಟಿದ್ದ ನನ್ನ ಸೋದರಮಾವ. ಖಾಲಿ ಕ್ಲಿಕ್ ಕಲಿಸಿದ್ದೂ ಅವರೇ.

ಮದುವೆ ಮನೆಯಲ್ಲಿ ರೀಲು ಮುಗಿದ ಮೇಲೂ "ನಂದೊಂದು ತೆಗೀರಿ" ಎನ್ನುವವರು ಇದ್ದೇ ಇರುತ್ತಾರೆ. ಇಲ್ಲವೆಂದರೆ ಮುಖ ಬಾಡುತ್ತದೆ. ಅದಕ್ಕೆ ಅವರನ್ನು ಕೂರಿಸಿ, ಗಲ್ಲ ಎತ್ತಿಸಿ, ಬರೀ ಕ್ಯಾಮೆರಾವನ್ನು ಚಟ್ ಎನ್ನಿಸುವುದು. "ಪಾಪ, ಸಂತೋಷಪಡ್ಲಿ ಬಿಡು ಮಾರಾಯ" ಎನ್ನುತ್ತಿದ್ದರು ಮಾವ. ನನಗೂ ಅದು ಉಪಕಾರವೆಂದೇ ಕಂಡಿತ್ತು.

ಅರವತ್ತರ ದಶಕದ ಕೊನೆಯ ಮಾತು. ಶರಾವತಿಯ ಹಿನ್ನೀರು ತುಂಬಿ ಕೆಲವು ವರ್ಷಗಳಾಗಿದ್ದವು. ಬ್ಯಾಕೋಡಿನ ಕಡೆಯ ಮದುವೆಯೊಂದಕ್ಕೆ ದೋಣಿಯಲ್ಲಿ ಹೊರಟೆ. ಸತ್ತ ಮರಗಳ ತಲೆಗಳಷ್ಟೇ ನೀರಿನ ಮೇಲಿದ್ದವು. ಒಂದು ಕಡೆ ದೋಣಿಯವನು ಹುಟ್ಟು ಎತ್ತಿ ಹಿಡಿದು, "ಕೆಳಗೆ ಮನೆಗಳು ಅವೆ" ಎಂದ. ಅಲ್ಲಿ ಯಾರೋ ಮಲಗಿದ್ದಾರೆ ಎನ್ನುವ ದನಿಯಲ್ಲಿ.

ಸಂಜೆಯ ಬಿಸಿಲಿನಲ್ಲಿ ಮದುಮಕ್ಕಳನ್ನು ಕೂರಿಸಿ ರೀಲಿನ ಕೊನೆಯದಾದ ಹನ್ನೆರಡನೇ ಫೋಟೋ ತೆಗೆದೆ. ಅವರು ಎದ್ದದ್ದೇ ತಡ, ನೆರೆಮನೆಯ ಮುದುಕಿಯೊಬ್ಬಳು ಬಂದು ಮದುಮಗಳ ಕುರ್ಚಿಯಲ್ಲಿ ಕೂತಳು.

"ನಂದೂ ಒಂದು ತೆಗಿ ಅಪ್ಪೀ. ಮನೆ ಮುಳುಗ್ತು, ಗದ್ದೆ ಮುಳುಗ್ತು. ಮುಖ ಒಂದಾದ್ರೂ ಮ್ಯಾಲಿರ್ಲಿ."

"ಈ ವಯಸ್ಸಲ್ಲಿ ಯಾರಿಗೆ ತೋರ್ಸಕ್ಕೆ ಅಜ್ಜೀ?" ಹೆಂಗಸೊಬ್ಬಳು ಕೆಣಕಿದಳು.

"ನಿನ್ ಗಂಡಂಗೆ ಕಣೇ!" ಎಂದಳು ಮುದುಕಿ.

ರೀಲನ್ನು ಪೂರ್ತಿ ಸುತ್ತಿಬಿಟ್ಟಿದ್ದೇನೆ, ಇದು ಖಾಲಿ ಕ್ಲಿಕ್ಕೇ ಎಂದು ನನ್ನ ನಂಬಿಕೆ. ಸೆರಗು ಸರಿಮಾಡಿಸಿ ಚಟ್ ಎನ್ನಿಸಿದೆ. ಅವಳು ರೆಪ್ಪೆ ಬಡಿಯಲಿಲ್ಲ.

ಮುಂದಿನ ಗುರುವಾರ ಮಧ್ಯಾಹ್ನ ಊಟ ಮುಗಿಸಿ ಕತ್ತಲೆ ಕೋಣೆಗೆ ಹೋದೆ. ಕೆಂಪು ದೀಪದಡಿ ಹನ್ನೆರಡನೆಯದರ ಕಾಗದವನ್ನು ದ್ರಾವಣದ ತಟ್ಟೆಗೆ ಬಿಟ್ಟೆ. ಮದುಮಕ್ಕಳ ಕೂದಲು, ಹುಬ್ಬು ಮೂಡಿದವು. ಆಮೇಲೆ ಮದುಮಗಳ ಎದೆಯ ಮೇಲೆ, ಹಾರದ ಎರಡು ಎಳೆಗಳ ನಡುವೆ, ಇನ್ನೆರಡು ಕಣ್ಣು. ಸುಕ್ಕುಗಟ್ಟಿದ ಕೆನ್ನೆ. ಕೆನ್ನೆಯೊಳಗಿಂದ ಹೂವು ಕಾಣುತ್ತಿತ್ತು. ಮುದುಕಿ ಮದುಮಗಳ ಒಳಗೆ ಕೂತು ನನ್ನನ್ನೇ ನೋಡುತ್ತಿದ್ದಳು. ರೀಲು ಸುತ್ತಲು ಮರೆತಿದ್ದೆ, ಒಂದೇ ಫಿಲ್ಮಿನ ಮೇಲೆ ಎರಡು ಸಲ ಬೆಳಕು ಬಿದ್ದಿತ್ತು, ಅಷ್ಟೆ. ಅಷ್ಟೇ ಎಂದು ಗೊತ್ತಿದ್ದೂ ಬಾಗಿಲು ತೆಗೆದು ಬೀದಿಗೆ ಬಂದು ನಿಂತೆ.

ನಾಲ್ಕು ದಿನ ಬಿಟ್ಟು ತಲೆ ಬೋಳಿಸಿಕೊಂಡ ಒಬ್ಬಾತ ಸ್ಟುಡಿಯೋಕ್ಕೆ ಬಂದ. ಮುದುಕಿಯ ಮಗ.

"ಮದ್ವೇಲಿ ಅಮ್ಮಂದು ಫೋಟೋ ತೆಗ್ದಿದ್ರಂತಲ್ಲ. ಗುರುವಾರ ಹೋಗ್ಬಿಟ್ಳು. ಬೇರೆ ಒಂದೂ ಇಲ್ಲ. ನನ್ ಮಗಳು ಹುಟ್ಟಿ ತಿಂಗಳಾತು, ಅದಕ್ಕೆ ಅಜ್ಜಿ ಮುಖ ತೋರ್ಸಕ್ಕೆ ಅದೊಂದೇ."

"ಗುರುವಾರ ಎಷ್ಟು ಹೊತ್ತಿಗೆ?"

"ಊಟದ ಹೊತ್ತು ಕಳೆದಿತ್ತು."

ನಾನು ಕತ್ತಲೆ ಕೋಣೆಯಲ್ಲಿದ್ದ ಹೊತ್ತು ಅದು. ಮಾವ ಒಳಗೆ ಕರೆದು, "ಬರ್ಲಿಲ್ಲ ಅನ್ನು. ಅದನ್ನ ತೋರ್ಸಿದ್ರೆ ಹೆದರ್ತಾನೆ, ಊರೆಲ್ಲ ಹೇಳ್ತಾನೆ" ಎಂದು ಪಿಸುಗುಟ್ಟಿದರು. ಹೇಳಬಹುದಿತ್ತು. ಆದರೆ ಹೊರಗೆ ಆತ ನಿಂತೇ ಇದ್ದ. ಕೂರಿ ಎಂದರೂ ಕೂತಿರಲಿಲ್ಲ. ಪ್ರಿಂಟು ತಂದು ಅವನ ಕೈಗಿಟ್ಟೆ. ಖಾಲಿ ಕ್ಲಿಕ್ಕಿನ ವಿಷಯವನ್ನೂ ಹೇಳಿದೆ.

ಆತ ಪ್ರಿಂಟನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದ.

"ಅಂದ್ರೆ ನಮ್ಮಮ್ಮನ್ನ ಸುಮ್ನೆ ಕೂರ್ಸಿದ್ರಿ."

"ಹೌದು."

"ಅವಳು ಬಿಡ್ಲಿಲ್ಲ ನೋಡಿ."

ಮದುಮಕ್ಕಳು ಬಾರದ ಹಾಗೆ ಮುದುಕಿಯ ಮುಖವನ್ನಷ್ಟೇ ದೊಡ್ಡದು ಮಾಡಿದೆ. ಹಾರದ ಎಳೆಗಳು ಕೆನ್ನೆಯಿಂದ ಹೋಗಲಿಲ್ಲ. ತಿದ್ದಲು ಕೂತವನು ಕಣ್ಣಿನ ಹತ್ತಿರ ಬಂದಾಗ ಪೆನ್ಸಿಲ್ ಕೆಳಗಿಟ್ಟೆ. ಹಾಗೇ ಕೊಟ್ಟೆ. ಆತ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಬಾಗಿಲವರೆಗೆ ಹೋದವನು ತಿರುಗಿದ.

"ಮಗಳು ದೊಡ್ಡೋಳಾಗಿ ಕೇಳಿದ್ರೆ? ಇದು ಅಜ್ಜಿ ಬದುಕಿದ್ದಾಗ ತೆಗ್ದಿದ್ದಾ ಅಂತ?"

"ಬದುಕಿದ್ದಾಗ್ಲೇ" ಎಂದೆ. ನಾನೇ ತೆಗೆದದ್ದು, ಆ ಸಂಜೆಯ ಬಿಸಿಲು ನೆನಪಿದೆ. ಆದರೂ ಆತ ಹೋದ ಮೇಲೆ ಇನ್ನೊಮ್ಮೆ ಗಟ್ಟಿಯಾಗಿ ಹೇಳಿಕೊಂಡೆ.